ಎರಡು ಅಂದಿದ್ದೆ

ಜನವರಿ 9, ಗುರುವಾರ

ಇಲಾಖೆಗೆ ಬರೆಯುವ ಪ್ರವಾಸ ದಿನಚರಿ ಬೇರೆ ಇದೆ. ಅದರಲ್ಲಿ ‘ರಜೆ, ಸ್ವಂತ ಕೆಲಸ, ಮೈಸೂರು’ ಅಂತ ಬರೆದಾಯಿತು. ಸ್ವಂತ ಕೆಲಸ ಏನು ಅಂತ ಬರೆಯೋಕೆ ಈ ಪುಸ್ತಕ. ಔಷಧಿ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟದ್ದು. ಪ್ರತಿ ಪುಟದ ಅಡಿಯಲ್ಲೂ ಕುರಿಗಳ ಜಂತುಹುಳದ ಔಷಧಿಯ ಜಾಹೀರಾತು.

ನನ್ನ ಹೃದಯದಲ್ಲಿ ತೂತಿದೆ. ಹುಟ್ಟಿದಾಗಿನಿಂದ ಇದೆಯಂತೆ. ನಲವತ್ತೆಂಟು ವರ್ಷ ಅದನ್ನು ಒಳಗಿಟ್ಟುಕೊಂಡೇ ಬೈಕು ಓಡಿಸಿದ್ದೇನೆ, ಕರು ಎಳೆದಿದ್ದೇನೆ, ಮದುವೆಯಾಗಿದ್ದೇನೆ. ನವೆಂಬರಿನಲ್ಲಿ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಹೋದಾಗ ಒಂದು ಕಡಸನ್ನು ಅಟ್ಟಿಸಿಕೊಂಡು ಹೋಗಿ ಬೇಲಿ ಪಕ್ಕ ಕುಸಿದು ಕೂತೆ. ತುಟಿ ನೀಲಿಯಾಗಿತ್ತಂತೆ. ನಮ್ಮ ಪಶುವೈದ್ಯ ಡಾಕ್ಟರ್ ವಿವೇಕ್ ಅವತ್ತೇ ಕುಶಾಲನಗರಕ್ಕೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿದರು. ಅಲ್ಲಿಂದ ಮಡಿಕೇರಿ, ಮಡಿಕೇರಿಯಿಂದ ಮೈಸೂರು. ತೂತು ಇರುವ ಜಾಗಕ್ಕೆ ಕಾಲಿನ ರಕ್ತನಾಳದಿಂದ ತೂರಿಸಿ ಮುಚ್ಚಳ ಹಾಕಲು ಆಗುವುದಿಲ್ಲ, ಆಪರೇಷನ್ನೇ ಆಗಬೇಕು ಅಂದರು. ಫೆಬ್ರವರಿ ನಾಲ್ಕಕ್ಕೆ.

ಚೀಟಿ ಬರೆಯುವ ಹುಡುಗಿ ಉದ್ಯೋಗ ಕೇಳಿದಳು. ‘ಹೆಬ್ಬಾಲೆ ಪಶು ಆಸ್ಪತ್ರೆಯಲ್ಲಿ ಇನ್‌ಸ್ಪೆಕ್ಟರ್’ ಅಂದೆ.

‘ಡಾಕ್ಟರಾ ಸಾರ್?’

‘ಅಲ್ಲಮ್ಮ, ಡಾಕ್ಟರ ಕೆಳಗೆ. ಊರವರು ದನದ ಡಾಕ್ಟ್ರು ಅಂತಾರೆ ಅಷ್ಟೆ.’

ಅವಳು ಏನು ಬರೆದಳೋ ನೋಡಲಿಲ್ಲ.

ಮನೆಗೆ ಬಂದು ಹೆಂಡತಿ ಉಷಾಗೆ ಸಣ್ಣ ತೂತು ಅಂದೆ. ಮಗಳು ಅನುಶ್ರೀ ಕಾಲೇಜಿನಿಂದ ಬಂದ ಮೇಲೆ ಅವಳಿಗೆ ಇನ್ನೂ ಸಣ್ಣದು ಅಂದೆ. ಎರಡು ಸೆಂಟಿಮೀಟರ್ ಚಿಲ್ಲರೆ ಅಂತ ವರದಿಯಲ್ಲಿದೆ. ವರದಿಯನ್ನು ಬೀರುವಿನಲ್ಲಿ ಅಂಗಿಗಳ ಕೆಳಗೆ ಇಟ್ಟೆ.

ಜನವರಿ 14, ಸಂಕ್ರಾಂತಿ

ಮೂರು ಊರಿನಿಂದ ಎಳ್ಳುಬೆಲ್ಲ ಬಂತು. ಸಂಜೆ ಕಿಚ್ಚು ಹಾಯಿಸುವಾಗ ಒಂದು ಎತ್ತಿನ ಗೊರಸಿನ ಮೇಲೆ ಬೊಕ್ಕೆ ಬಂದಿತ್ತು, ಹೋಗಿ ಮುಲಾಮು ಹಚ್ಚಿ ಬಂದೆ. ಎತ್ತು ಒಂದು ಸಲ ಕಾಲು ಎಳೆದುಕೊಂಡಿತು, ಅಷ್ಟೆ. ಮನುಷ್ಯರಾಗಿದ್ದರೆ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು.

ಆಪರೇಷನ್ ವಿಷಯ ಊರಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಮನೆ ತುಂಬ ಜನ, ಪ್ರತಿಯೊಬ್ಬರ ಕೈಯಲ್ಲೂ ಒಂದು ಡಜನ್ ಮೂಸಂಬಿ.

ಜನವರಿ 21, ಮಂಗಳವಾರ

ಅರಿವಳಿಕೆ ಡಾಕ್ಟರನ್ನು ನೋಡಿ ಬಂದೆ. ಹೆಸರು ದಿವ್ಯಶ್ರೀ. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರಿರಬೇಕು. ಕೊಯ್ಯುವ ದೊಡ್ಡ ಡಾಕ್ಟರು ನಾಲ್ಕು ನಿಮಿಷ ಮಾತಾಡಿದ್ದರು. ಈಯಮ್ಮ ಮುಕ್ಕಾಲು ಗಂಟೆ ಕೂರಿಸಿಕೊಂಡರು. ಬಾಯಿ ತೆರೆಸಿದರು, ಕತ್ತು ಹಿಂದಕ್ಕೆ ಬಾಗಿಸಿದರು, ಯಾವ ಹಲ್ಲಾದರೂ ಅಲುಗಾಡುತ್ತದಾ ನೋಡಿದರು. ಹಸು ಕೊಳ್ಳುವಾಗ ನಾವು ನೋಡುವ ಹಾಗೇ.

‘ಬಲಗಡೆ ಕಂಕುಳ ಕೆಳಗೆ ಕೊಯ್ತಾರೆ. ಎರಡು ಪಕ್ಕೆಲುಬಿನ ನಡುವೆ ಜಾಗ ಮಾಡ್ಕೊಂಡು ಒಳಗೆ ಹೋಗ್ತಾರೆ. ಗಾಯ ಸಣ್ಣದು, ನೋವು ಸಣ್ಣದಲ್ಲ.’

‘ಪರವಾಗಿಲ್ಲ ಮೇಡಂ, ತಡ್ಕೋತೀನಿ.’

‘ಅದೇ ಬೇಡ ಅಂತಿರೋದು. ಕಾಲು ಮುರಿದ್ರೆ ಕಾಲು ಅಲ್ಲಾಡಿಸದೆ ಮಲಗಬಹುದು. ಪಕ್ಕೆ ಉಸಿರಿಗೊಂದು ಸಲ ಅಲ್ಲಾಡತ್ತೆ. ನೋವು ಅಂತ ನೀವು ಮೇಲ್ಮೇಲೆ ಉಸಿರಾಡಿದ್ರೆ, ಕೆಮ್ಮದೆ ಇದ್ರೆ, ಕಫ ಒಳಗೇ ಕೂರತ್ತೆ. ಶ್ವಾಸಕೋಶ ಮುದುಡತ್ತೆ. ಆಪರೇಷನ್ ಚೆನ್ನಾಗಿ ಆಗಿ ಆಮೇಲೆ ನ್ಯುಮೋನಿಯಾದಲ್ಲಿ ಒದ್ದಾಡಿದವರನ್ನ ನೋಡಿದೀನಿ.’

ಬೆನ್ನಿನಲ್ಲಿ ಕೂದಲೆಳೆಯಂಥ ಒಂದು ನಳಿಕೆ ಇಡುತ್ತಾರಂತೆ. ಅದರೊಳಗೆ ಹನಿಹನಿಯಾಗಿ ಮದ್ದು ಹೋಗಿ ಪಕ್ಕೆಯ ನರಗಳನ್ನು ಜೋಮು ಹಿಡಿಸುತ್ತದೆ. ನೋವು ಎಷ್ಟಿದೆ ಅಂತ ನಾನು ಸೊನ್ನೆಯಿಂದ ಹತ್ತರೊಳಗೆ ಹೇಳಬೇಕು. ಸೊನ್ನೆ ಅಂದರೆ ಏನೂ ಇಲ್ಲ, ಹತ್ತು ಅಂದರೆ ಪ್ರಾಣ ಹೋಗುವಷ್ಟು.

ನನಗೆ ನಗು ಬಂತು. ‘ನಮ್ಮ ಪೇಷೆಂಟುಗಳು ಲೆಕ್ಕ ಹೇಳಲ್ಲ ಮೇಡಂ’ ಅಂದೆ.

‘ಹಾಗಿದ್ರೆ ಹಸುಗೆ ನೋವಿದೆ ಅಂತ ಹೇಗೆ ಕಂಡುಹಿಡೀತೀರಿ?’

ಅವರು ನಿಜವಾಗಿ ಕೇಳುತ್ತಿದ್ದರು. ಹೇಳಿದೆ. ಕಿವಿ ಜೋಲುತ್ತದೆ. ಹಲ್ಲು ಕಡಿಯುತ್ತದೆ. ಮಂದೆಯಿಂದ ದೂರ ನಿಲ್ಲುತ್ತದೆ. ಬೆನ್ನು ಬಿಲ್ಲಾಗುತ್ತದೆ. ಮೇವು ಮುಂದಿದ್ದರೂ ಮೂತಿ ಆಡಿಸುತ್ತಾ ಇರುತ್ತದೆ, ತಿನ್ನುವುದಿಲ್ಲ.

ಅವರು ಪೆನ್ನು ಕೆಳಗಿಟ್ಟರು. ‘ಮಾತು ಬರದ ಪ್ರಾಣಿ, ಅಷ್ಟು ಕಷ್ಟಪಟ್ಟು ನೋಡ್ತೀರಿ. ನಿಮಗೆ ಮಾತು ಬರತ್ತಲ್ಲ. ನಮ್ಮನ್ನೂ ಕಿವಿ ನೋಡ್ಕೊಂಡು ಕೂರಿಸ್ತೀರಾ?’

ಕೊನೆಗೆ ಏನಾದರೂ ಕೇಳುವುದಿದೆಯಾ ಅಂದರು. ಇತ್ತು. ಇಲ್ಲ ಅಂದೆ.

ಕೇಳಬೇಕಿದ್ದದ್ದನ್ನು ಇಲ್ಲಿ ಬರೆದಿಡುತ್ತೇನೆ. ಹನ್ನೊಂದು ವರ್ಷದ ಹಿಂದೆ ಒಂದು ಎಸ್ಟೇಟಿನಲ್ಲಿ ಹೋರಿಯ ಕೊಂಬು ಕತ್ತರಿಸಬೇಕಿತ್ತು. ಆಗಿದ್ದ ಡಾಕ್ಟರು ಹೇಳಿದಷ್ಟೇ ಅಳತೆ ಎಳೆದು ಮತ್ತಿನ ಇಂಜೆಕ್ಷನ್ ಕೊಟ್ಟವನು ನಾನು. ಹೋರಿ ಮಂಡಿಯೂರಿತು, ಮಲಗಿತು. ಕೆಲಸ ಅಚ್ಚುಕಟ್ಟಾಗಿ ಆಯಿತು. ಹೋರಿ ಏಳಲಿಲ್ಲ. ಸಂಜೆಯವರೆಗೂ ನೀರು ಹಾಕಿದೆವು, ಕಿವಿ ತಿಕ್ಕಿದೆವು, ಬಾಲ ತಿರುಚಿದೆವು. ಡಾಕ್ಟರು ಸಾವಿರಕ್ಕೊಂದು ಹೀಗಾಗುತ್ತದೆ ಅಂದರು. ಆ ಒಂದು ಯಾವುದು ಅಂತ ಮೊದಲೇ ಯಾರಿಗೂ ಗೊತ್ತಿರುವುದಿಲ್ಲ.

ನನಗೆ ಕೊಯ್ಯುವುದರ ಭಯ ಇಲ್ಲ. ಮಲಗಿಸುವುದರ ಭಯ.

ಜನವರಿ 30, ಗುರುವಾರ

ಸರ್ವೀಸ್ ರಿಜಿಸ್ಟರಿನ ಪ್ರತಿ, ವಿಮೆ ಕಾಗದ, ಅನುಶ್ರೀ ಹೆಸರಿನ ಪಾಸ್‌ಬುಕ್ಕು ಎಲ್ಲವನ್ನೂ ಒಂದು ಫೈಲಿಗೆ ಹಾಕಿ ಬೀರುವಿನ ಮೇಲೆ ಇಟ್ಟೆ. ಉಷಾ ನೋಡಿದಳು. ಹೊಲಿಗೆ ಮಷೀನಿನ ಮುಂದೆ ಕೂತು ಯಾರದೋ ರವಿಕೆಯ ತೋಳು ಬಿಚ್ಚುತ್ತಿದ್ದಳು.

ಫೆಬ್ರವರಿ 3, ಸೋಮವಾರ. ಮೈಸೂರು

ಬೆಳಿಗ್ಗೆ ಸೇರಿಸಿಕೊಂಡರು. ಎದೆ ಬೋಳಿಸಿದರು, ರಕ್ತ ತೆಗೆದರು. ಸಂಜೆ ಐದಕ್ಕೆ ಡಾ. ದಿವ್ಯಶ್ರೀ ಬಂದರು. ನಾಳೆ ಏನೇನು ಅಂತ ಒಂದೊಂದಾಗಿ ಹೇಳಿದರು. ‘ಏನಾದ್ರೂ ಕೇಳೋದಿದೆಯಾ?’

‘ಇಲ್ಲ ಮೇಡಂ.’

ಉಷಾ ಮಂಚದ ಕಾಲಿನ ಕಡೆ ನಿಂತಿದ್ದಳು. ‘ಇವರಿಗೆ ಎಚ್ಚರ ಆಗದೇ ಹೋದ್ರೆ ಅಂತ ಭಯ ಮೇಡಂ’ ಅಂದಳು.

ನಾನು ಅವಳನ್ನೇ ನೋಡಿದೆ. ಈ ಪುಸ್ತಕ ನನ್ನ ಚೀಲದ ತಳದಲ್ಲಿದೆ, ಚೀಲಕ್ಕೆ ಬೀಗ ಇದೆ.

ಡಾಕ್ಟರ್ ಕುರ್ಚಿ ಎಳೆದುಕೊಂಡು ಕೂತರು. ‘ಇದನ್ನ ಮೊದಲೇ ಕೇಳ್ಬಹುದಿತ್ತಲ್ಲ ಸಾರ್? ನಾನು ಇಂಜೆಕ್ಷನ್ ಕೊಟ್ಟು ಎದ್ದು ಹೋಗೋದಲ್ಲ. ಶುರುವಿಂದ ಕೊನೆವರೆಗೂ ನಿಮ್ಮ ತಲೆ ಹತ್ರ ಇರ್ತೀನಿ. ನಿಮ್ಮ ಉಸಿರು, ಬಡಿತ, ಬಿ.ಪಿ., ಮೈಬಿಸಿ ಎಲ್ಲ ಕ್ಷಣಕ್ಷಣಕ್ಕೂ ನನ್ನ ಕಣ್ಣ ಮುಂದೆ. ಮದ್ದು ಒಂದೇ ಸಲ ಸುರಿಯಲ್ಲ, ಬೇಕಾದಷ್ಟು ಬೇಕಾದಾಗ ಕೊಡ್ತೀನಿ, ಸಾಕಾದಾಗ ನಿಲ್ಲಿಸ್ತೀನಿ. ಏನೂ ಅಪಾಯ ಇಲ್ಲ ಅಂತ ಹೇಳಲ್ಲ. ಆದ್ರೆ ನಿಮ್ಮನ್ನ ಒಬ್ಬರನ್ನೇ ಬಿಡಲ್ಲ.’

ಆಗ ಹೋರಿಯ ಕಥೆ ಹೇಳಿದೆ. ಉಷಾಗೂ ಅದು ಗೊತ್ತಿರಲಿಲ್ಲ. ಡಾಕ್ಟರ್ ಮದ್ದಿನ ಹೆಸರು, ಅಳತೆ ಕೇಳಿದರು. ಹೋರಿ ಮೇವು ತಿಂದು ಹೊಟ್ಟೆ ತುಂಬಿತ್ತಾ ಅಂದರು. ತುಂಬಿತ್ತು. ‘ಅದಕ್ಕೇ ನಿಮ್ಮನ್ನ ನಾಳೆ ಹೊಟ್ಟೆ ಖಾಲಿ ಇಡಿಸೋದು’ ಅಂದು ಎದ್ದರು.

ಅವರು ಹೋದ ಮೇಲೆ ಉಷಾನ ಕೇಳಿದೆ, ನಿನಗೆ ಹೇಗೆ ಗೊತ್ತಾಯಿತು ಅಂತ.

‘ಹದಿನೈದು ದಿನದಿಂದ ಅನ್ನ ಕಲಸ್ತಾ ಕೂರ್ತೀರಿ, ತಿನ್ನಲ್ಲ. ಬೀರು ಮೇಲೆ ಫೈಲು ಬೇರೆ. ನಾನೇನು ಕುರುಡಿಯಾ?’

ಫೆಬ್ರವರಿ 7, ಶುಕ್ರವಾರ

ಇದ್ದೇನೆ.

ಅಕ್ಷರ ಸೊಟ್ಟ ಬರುತ್ತಿದೆ. ನಾಲ್ಕನೇ ತಾರೀಕು ಡಾಕ್ಟರು ಮೂತಿಗೆ ಮುಖವಾಡ ಹಿಡಿದು ‘ನಿಮ್ಮೂರಿನ ಬಗ್ಗೆ ಹೇಳಿ’ ಅಂದರು. ಹಾರಂಗಿ ನಾಲೆ ಅನ್ನುವಷ್ಟರಲ್ಲಿ ನಾನಿಲ್ಲ. ನಿದ್ದೆಯೂ ಅಲ್ಲ ಅದು. ನಿದ್ದೆಯಲ್ಲಿ ಹೊತ್ತು ಹೋದದ್ದು ಗೊತ್ತಾಗುತ್ತದೆ. ಆಮೇಲೆ ಎಲ್ಲಿಂದಲೋ ನನ್ನ ಹೆಸರು. ‘ಶಶಿಕುಮಾರ್, ಮುಗೀತು, ಕಣ್ಣು ಬಿಡಿ.’ ಗಂಟಲಲ್ಲಿ ಕೊಳವೆ. ಮಾತಾಡಲು ಆಗಲಿಲ್ಲ. ಕೈ ಹಿಸುಕಿ ಅಂದರು, ಹಿಸುಕಿದೆ. ಅದೇ ಡಾಕ್ಟರ ಕೈ.

ಇವತ್ತು ವಾರ್ಡಿಗೆ ತಂದರು. ಪಕ್ಕದ ಮಂಚದಲ್ಲಿ ಕರಿಬಸಪ್ಪ ಅಂತ ಪಿರಿಯಾಪಟ್ಟಣ ಕಡೆಯ ಯಜಮಾನರು, ಬೈಪಾಸ್ ಆಗಿದೆ. ನರ್ಸ್ ಬಂದು ನೋವು ಎಷ್ಟು ಅಂದರೆ ‘ಒಂಬತ್ತು ಕಣವ್ವ! ಒಂಬತ್ತೂವರೆ ಬರ್ಕೋ!’ ಅಂತ ಇಡೀ ವಾರ್ಡಿಗೆ ಕೇಳುವ ಹಾಗೆ ಕೂಗುತ್ತಾರೆ. ಅಷ್ಟು ದೊಡ್ಡ ಮನುಷ್ಯರು.

ನನ್ನನ್ನು ಕೇಳಿದರು. ಎರಡು ಅಂದೆ. ನಿಜವಾಗಿ ಎರಡೇ ಇತ್ತು ಬೆಳಿಗ್ಗೆ. ಸಂಜೆಗೆ ಅಷ್ಟಿರಲಿಲ್ಲ, ಆದರೂ ಎರಡೇ ಅಂದೆ. ಮೂರು ಚೆಂಡು ಇರುವ ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದಾರೆ. ಕೊಳವೆಯಿಂದ ಉಸಿರೆಳೆದು ಚೆಂಡು ಮೇಲೇರಿಸಬೇಕು. ಒಂದು ಏರುತ್ತದೆ.

ಫೆಬ್ರವರಿ 8, ಶನಿವಾರ

ಎರಡು ಅಂದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಜ್ವರ ಇದೆ. ಚೆಂಡು ಏರುತ್ತಿಲ್ಲ. ಕೆಮ್ಮು ಬಂದರೆ ನುಂಗುತ್ತಿದ್ದೇನೆ. ಮೂಗಿಗೆ ಆಕ್ಸಿಜನ್ ಮತ್ತೆ ಹಾಕಿದರು.

ಫೆಬ್ರವರಿ 9, ಭಾನುವಾರ

ಬೆಳಿಗ್ಗೆ ಎಕ್ಸ್‌ರೇ ತೆಗೆದರು. ಬಲ ಶ್ವಾಸಕೋಶದ ಕೆಳಭಾಗ ಬೆಳ್ಳಗೆ, ಮುದುಡಿದೆ. ಇನ್ನೊಂದು ದಿನ ಹೀಗೇ ಆದರೆ ಮತ್ತೆ ಗಂಟಲಿಗೆ ಕೊಳವೆ ಹಾಕಬೇಕಾಗಬಹುದು ಅಂತ ಡ್ಯೂಟಿ ಡಾಕ್ಟರ್ ಉಷಾಗೆ ಹೇಳುತ್ತಿದ್ದದ್ದು ನನಗೂ ಕೇಳಿತು. ಉಷಾ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದಳು.

ಡಾ. ದಿವ್ಯಶ್ರೀಗೆ ಭಾನುವಾರ ರಜೆಯಂತೆ, ಆದರೂ ಬಂದರು. ಮೊದಲು ಚಾರ್ಟ್ ನೋಡಿದರು. ಆಮೇಲೆ ನನ್ನನ್ನು ನೋಡಿದರು, ತುಂಬ ಹೊತ್ತು. ಒಂದು ಐಸ್ ತುಂಡು ತರಿಸಿ ಪಕ್ಕೆಗೆ ಮುಟ್ಟಿಸಿದರು.

‘ತಣ್ಣಗಿದೆಯಾ?’

‘ಇದೆ.’

‘ಇಲ್ಲಿ?’

‘ಇಲ್ಲೂ ಇದೆ.’

‘ಅಲ್ಲಿ ತಣ್ಣಗೆ ಗೊತ್ತಾಗಲೇಬಾರದು. ಬೆನ್ನಿನ ನಳಿಕೆ ಜಾಗ ಬಿಟ್ಟಿದೆ. ಎರಡು ದಿನದಿಂದ ಮದ್ದು ನರಕ್ಕೆ ಹೋಗ್ತಾನೇ ಇಲ್ಲ.’ ಚಾರ್ಟನ್ನು ನನ್ನ ಮುಂದೆ ಹಿಡಿದರು. ‘ನೋಡಿ, ಎರಡು, ಎರಡು, ಎರಡು, ಎರಡು. ನೋವು ಹೀಗೆ ಗೆರೆ ಎಳೆದ ಹಾಗೆ ಇರಲ್ಲ ಸಾರ್. ತಪ್ಪು ನಂದೂ ಇದೆ, ಕಾಗದ ನಂಬ್ಕೊಂಡು ಮುಖ ನೋಡಲಿಲ್ಲ. ಈಗ ಒಂದು ಸಲ ಕೆಮ್ಮಿ.’

ಕೆಮ್ಮಲು ಹೋದೆ. ಅರ್ಧಕ್ಕೇ ಕೈ ತಾನಾಗಿ ಪಕ್ಕೆಗೆ ಹೋಯಿತು. ಬಾಯಿಂದ ಬಂದ ಶಬ್ದ ನನ್ನದು ಅನ್ನಿಸಲಿಲ್ಲ.

‘ಈಗ ಹೇಳಿ. ಎಷ್ಟು?’

ಉಷಾ ನೋಡುತ್ತಿದ್ದಳು. ಕರಿಬಸಪ್ಪನೂ ಮಗ್ಗುಲಾಗಿ ನೋಡುತ್ತಿದ್ದರು.

‘ಎಂಟು’ ಅಂದೆ. ಅಂದ ಕೂಡಲೇ ಕಣ್ಣಲ್ಲಿ ನೀರು ಬಂತು. ನೋವಿಗಲ್ಲ, ನೋವು ಅದೇ ಇತ್ತು. ಯಾಕೆ ಅಂತ ಗೊತ್ತಿಲ್ಲ. ಉಷಾ ಬಂದು ತಲೆ ಹಿಡಿದುಕೊಂಡಳು.

ಅಲ್ಲೇ ಎಡಮಗ್ಗುಲಾಗಿ ಮಲಗಿಸಿ, ಸ್ಕ್ಯಾನ್ ಮಾಡುವ ಚಿಕ್ಕ ಯಂತ್ರ ಬೆನ್ನಿಗಿಟ್ಟು ತೆರೆಯಲ್ಲಿ ನೋಡುತ್ತಾ ಬೇರೆ ನಳಿಕೆ ಹಾಕಿದರು. ಕಾಲು ಗಂಟೆ ಕಳೆಯಿತು. ನೋವು ಹೋಯಿತು ಅನ್ನುವುದಕ್ಕಿಂತ, ಯಾರೋ ಪಕ್ಕೆಯ ಮೇಲೆ ಕೂತಿದ್ದವರು ಎದ್ದು ಹೋದ ಹಾಗಾಯಿತು. ದಿಂಬು ಪಕ್ಕೆಗೆ ಒತ್ತಿ ಹಿಡಿದು ಕೆಮ್ಮಿ ಅಂದರು. ಕೆಮ್ಮಿದೆ. ಹೇಳಬಾರದು, ಅಷ್ಟು ಕಫ ಬಂತು. ಉಷಾ ಬೋಗುಣಿ ಹಿಡಿದುಕೊಂಡು ‘ಇನ್ನೊಂದ್ಸಲ, ಇನ್ನೊಂದ್ಸಲ’ ಅಂತ ಕರು ಹಾಕುವ ಹಸುವಿಗೆ ನಾವು ಹೇಳುವ ಹಾಗೆ ಹೇಳುತ್ತಿದ್ದಳು.

ಈಗ ಮೂರು. ನಿಜವಾದ ಮೂರು.

ಫೆಬ್ರವರಿ 11, ಮಂಗಳವಾರ

ಜ್ವರ ಇಲ್ಲ. ಆಕ್ಸಿಜನ್ ತೆಗೆದರು. ಎರಡು ಚೆಂಡು ಏರುತ್ತದೆ, ಮೂರನೆಯದು ಅಲುಗಾಡುತ್ತದೆ.

ಕರಿಬಸಪ್ಪನವರ ಜೊತೆ ಕಾರಿಡಾರಿನಲ್ಲಿ ಎರಡು ಸುತ್ತು ನಡೆದೆ. ಅವರದು ಆರು ಸುತ್ತು. ನನಗಿಂತ ಹದಿನಾಲ್ಕು ವರ್ಷ ದೊಡ್ಡವರು. ‘ಏನ್ ಡಾಕ್ಟ್ರೇ, ನಾನು ಕೂಗ್ತಿದ್ರೆ ಮುಖ ಹಿಂಡ್ತಿದ್ರಲ್ಲ. ಕೂಗಿದ್ದಕ್ಕೆ ಮದ್ದು ಕೊಟ್ರು, ಮದ್ದು ಕೊಟ್ಟಿದ್ದಕ್ಕೆ ನಡೆದೆ’ ಅಂದರು.

‘ಒಂಬತ್ತೂವರೆ ನಿಜವಾಗ್ಲೂ ಇತ್ತಾ ಯಜಮಾನ್ರೇ?’

‘ಏಳು ಇತ್ತು. ಆ ಹುಡುಗಿ ಸ್ವಲ್ಪ ಬೇಗ ಬರಲಿ ಅಂತ.’

ನಕ್ಕೆ. ನಗುವಾಗ ಐದು.

ಬೆಳಿಗ್ಗೆ ಹಸಿವಾಗಿತ್ತು. ಉಷಾ ಕ್ಯಾಂಟೀನಿನಿಂದ ಇಡ್ಲಿ ತಂದಳು. ನಾಲ್ಕು ತಿಂದೆ. ಅವಳದ್ದರಿಂದ ಇನ್ನೊಂದು.

ಫೆಬ್ರವರಿ 14, ಶುಕ್ರವಾರ. ಮನೆ

ಉಷಾಳ ತಮ್ಮ ಸತೀಶ್ ಕಾರು ತಂದಿದ್ದ. ಹುಣಸೂರು ದಾಟುವವರೆಗೆ ಚೆನ್ನಾಗಿತ್ತು. ಆಮೇಲೆ ಹಂಪುಗಳು. ಮೊದಲನೆಯ ಹಂಪಿಗೇ ‘ನಿಧಾನ ಹೋಗಪ್ಪ ಸತೀಶ, ಆರು ಮುಟ್ತು’ ಅಂದೆ. ಅವನಿಗೆ ಏನೂ ಅರ್ಥವಾಗಲಿಲ್ಲ. ‘ಆರಾ? ಇನ್ನೂ ನಾಲ್ಕೂವರೆ ಭಾವ’ ಅಂದ. ಉಷಾ ಹಿಂದಿನ ಸೀಟಿನಲ್ಲಿ ಬಿದ್ದು ಬಿದ್ದು ನಕ್ಕಳು. ಎಷ್ಟು ತಿಂಗಳಾಯಿತೋ ಅವಳು ಹಾಗೆ ನಕ್ಕು.

ಕುಶಾಲನಗರ ಬಂದಾಗ ಗಾಳಿ ತಣ್ಣಗಾಯಿತು. ಪೂರ್ತಿ ಒಂದು ಉಸಿರು ಎಳೆದೆ, ತಳ ಮುಟ್ಟುವವರೆಗೆ.

ಮನೆ ಬಾಗಿಲಲ್ಲಿ ಒಂಬತ್ತು ಜನ ನಿಂತಿದ್ದರು. ವಿಷಯ ಊರಿಗೆಲ್ಲ ಗೊತ್ತಾಗಿದೆ. ಮೂಸಂಬಿ ಎಣಿಸಲಿಲ್ಲ. ಅನುಶ್ರೀ ಎಲ್ಲರನ್ನೂ ದೂರ ನಿಲ್ಲಿಸಿದಳು, ಪೊಲೀಸರ ಹಾಗೆ.

ಫೆಬ್ರವರಿ 24, ಸೋಮವಾರ

ಗಾಯ ಒಣಗಿದೆ. ಆದರೆ ಕಂಕುಳ ಕೆಳಗಿಂದ ಎದೆ ಮುಂಭಾಗದವರೆಗೆ ಒಂದು ಪಟ್ಟಿ ಉರಿಯುತ್ತದೆ. ಅಂಗಿ ತಾಗಿದರೆ ಸಾಕು, ತುರಿಕೆ ಸೊಪ್ಪು ಸವರಿದ ಹಾಗೆ. ಹೊಲಿಗೆ ಕೀವು ಕಟ್ಟಿತೇನೋ ಅಂತ ಬೆಳಿಗ್ಗೆ ಉಷಾಗೆ ತೋರಿಸಿದೆ. ಅವಳೇ ಆಸ್ಪತ್ರೆಗೆ ಫೋನು ಮಾಡಿದಳು. ಡಾ. ದಿವ್ಯಶ್ರೀ ಮಾತಾಡಿದರು.

‘ಉರಿನಾ? ಚುಚ್ಚೋದಾ? ಹರಿದಾಡೋದಾ? ಬಾಯಿಬಿಟ್ಟು ಹೇಳಿ.’

ಹೇಳಿದೆ. ಪಕ್ಕೆಲುಬು ಅಗಲಿಸಿದಾಗ ಅದರ ಕೆಳಗಿನ ನರಕ್ಕೆ ಏಟಾಗಿರುತ್ತದೆ, ಅದು ವಾಸಿಯಾಗುವಾಗ ಹೀಗೆ ಜಗಳ ತೆಗೆಯುತ್ತದೆ ಅಂದರು. ಅದಕ್ಕೇ ಬೇರೆ ಮಾತ್ರೆ, ವಾಟ್ಸಾಪಿನಲ್ಲಿ ಕಳಿಸಿದರು. ‘ಮೊದಲೇ ಹೇಳಿದ್ದು ಒಳ್ಳೇದಾಯ್ತು. ಎಷ್ಟೋ ಜನ ಆರು ತಿಂಗಳು ಸುಮ್ನಿದ್ದು ಬರ್ತಾರೆ, ಆಗ ಕಷ್ಟ.’

ಮಧ್ಯಾಹ್ನ ಉಷಾ ನನ್ನ ಎರಡು ಬನಿಯನ್ನಿನ ಬಲಪಕ್ಕೆ ಕತ್ತರಿಸಿ, ಅನುಶ್ರೀ ಮಗುವಾಗಿದ್ದಾಗಿನ ಹಳೆಯ ಮೆತ್ತನೆ ಮಲ್ ಬಟ್ಟೆ ಒಳಗಿಟ್ಟು ಹೊಲಿದುಕೊಟ್ಟಳು. ಹಾಕಿಕೊಂಡೆ. ಹಾಯಾಗಿದೆ.

ಅವಳು ಹೊಲಿಯುವುದನ್ನು ನೋಡುತ್ತಾ ಕೂತಿದ್ದೆ, ನೋಡುವುದಕ್ಕೆ ಬೇರೇನೂ ಇರಲಿಲ್ಲ. ಬಟ್ಟೆ ತಿರುಗಿಸುವಾಗಲೆಲ್ಲ ಬಲಗೈ ಹೆಬ್ಬೆರಳನ್ನು ಒಳಗೆ ಮಡಚಿಕೊಳ್ಳುತ್ತಾಳೆ. ಕತ್ತರಿ ಎಡಗೈಯಲ್ಲಿ ಹಿಡಿಯುತ್ತಾಳೆ. ಮೊದಲು ಹಾಗಿರಲಿಲ್ಲ.

‘ಕೈ ನೋಯ್ತಿದೆಯಾ?’

‘ಐದು ತಿಂಗಳಿಂದ.’

‘ಹೇಳೋದಲ್ವಾ?’

‘ಹೇಳಿದ್ದೆ. ಆಯುಧಪೂಜೆ ದಿನ. ಮಷೀನಿಗೆ ಎಣ್ಣೆ ಹಾಕು, ಸರಿಹೋಗತ್ತೆ ಅಂದ್ರಿ.’

ಅಂದಿರಬಹುದು. ಮಣಿಕಟ್ಟು ಹಿಡಿದು ನೋಡಿದೆ. ಹೆಬ್ಬೆರಳ ಬುಡ ಊದಿದೆ, ಮುಟ್ಟಿದರೆ ಕೈ ಎಳೆದುಕೊಳ್ಳುತ್ತಾಳೆ. ಎಷ್ಟು ಅಂತ ಕೇಳಿದೆ. ರವಿಕೆಗೆ ಹುಕ್ಕು ಹಾಕುವಾಗ ಏಳು, ಬಟ್ಟೆ ಹಿಂಡುವಾಗ ಎಂಟು ಅಂದಳು. ಬಟ್ಟೆ ಹಿಂಡುವಾಗ ಎಂಟು! ಅದೇ ಎಂಟಕ್ಕೆ ನನಗೆ ಭಾನುವಾರ ಡಾಕ್ಟರು ಮನೆಯಿಂದ ಓಡಿ ಬಂದಿದ್ದರು.

ನಾಳೆ ಸತೀಶನ ಕಾರಿನಲ್ಲಿ ಅವಳನ್ನು ಕುಶಾಲನಗರಕ್ಕೆ ಕರೆದುಕೊಂಡು ಹೋಗುತ್ತೇನೆ. ನಾಡಿದ್ದು ಕೊಡಬೇಕಾದ ರವಿಕೆಗಳಿವೆ ಅಂತ ಗೊಣಗಿದಳು. ತಡವಾಗುತ್ತದೆ ಅಂತ ನಾನೇ ಫೋನು ಮಾಡಿ ಹೇಳಿದೆ.

ಮಾರ್ಚ್ 11, ಮಂಗಳವಾರ

ನಾಲೆ ಏರಿಯ ಮೇಲೆ ಸೇತುವೆಯವರೆಗೆ ಹೋಗಿ ಬಂದೆವು, ಇಬ್ಬರೂ. ಉಷಾಳ ಕೈಗೆ ಪಟ್ಟಿ, ನನ್ನ ಪಕ್ಕೆಗೆ ಮಲ್ ಬಟ್ಟೆ. ಎದುರಿಗೆ ಬಂದವರು ಏನು ಇಬ್ಬರೂ ಬಿದ್ದಿರಾ ಅಂದರು. ಬಟ್ಟೆ ಹಿಂಡುವುದು ಈಗ ಅನುಶ್ರೀ ಮತ್ತು ನಾನು, ಅವಳು ಒಂದು ತುದಿ, ನಾನು ಎಡಗೈಯಲ್ಲಿ ಇನ್ನೊಂದು ತುದಿ.

ಮಾರ್ಚ್ 19

ಬರೆಯುವುದಕ್ಕೆ ಕೂತೆ. ಹೇಳುವುದೆಲ್ಲ ಊಟದ ಹೊತ್ತಿಗೇ ಹೇಳಿ ಮುಗಿದಿದೆ.

ಮಾರ್ಚ್ 25, ಮಂಗಳವಾರ

ಮೈಸೂರಿಗೆ ಹೋಗಿ ಬಂದೆವು. ಎಕೋ ಮಾಡಿದವರು ತೆರೆ ನನ್ನ ಕಡೆ ತಿರುಗಿಸಿದರು. ತೂತು ಇದ್ದ ಕಡೆ ತೇಪೆ ಕೂತಿದೆ, ಒಂದು ಹನಿಯೂ ಆಚೆ ಈಚೆ ಹೋಗುತ್ತಿಲ್ಲ. ಮೈಯೊಳಗಿನದು ಸರಿಯಾಗಿ ಮುಚ್ಚಿದ್ದನ್ನು ಕಣ್ಣಾರೆ ನೋಡುವುದು ಎಂಥದೋ ಸಂತೋಷ.

ಡಾ. ದಿವ್ಯಶ್ರೀ ಆಪರೇಷನ್ ಕೋಣೆಯಿಂದ ಟೋಪಿ ತೆಗೆಯದೇ ಎರಡು ನಿಮಿಷ ಬಂದರು. ಉರಿ ಈಗ ಎಷ್ಟು ಅಂದರು. ಬೆಳಿಗ್ಗೆ ಒಂದು, ಸಂಜೆ ಎರಡು, ಬೈಕ್ ಓಡಿಸಿದ ದಿನ ಮೂರು ಅಂದೆ. ‘ಯಾರು ಬೈಕ್ ಓಡಿಸಕ್ಕೆ ಹೇಳಿದ್ದು?’ ಅಂತ ಬೈದರು. ಉಷಾ ‘ಚೆನ್ನಾಗಿ ಬೈಯಿರಿ ಮೇಡಂ’ ಅಂದಳು. ಏಪ್ರಿಲ್ ಎರಡನೇ ವಾರದಿಂದ ಕೆಲಸಕ್ಕೆ ಹೋಗಬಹುದು, ಭಾರ ಎತ್ತಬಾರದು, ದನ ಅಟ್ಟಿಸಿಕೊಂಡು ಓಡಬಾರದು.

ಹುಷಾರಾಗಿ ಮನೆಗೆ ಹೋಗುವವರು ಅವರಿಗೆ ಸ್ವೀಟು ಕೊಡುತ್ತಾರಂತೆ. ಉಷಾ ಕೈಪಟ್ಟಿ ಬಿಚ್ಚಿದ ಮೇಲೆ ಎರಡು ರವಿಕೆ ಹೊಲಿದುಕೊಟ್ಟಿದ್ದಾಳೆ, ಅಳತೆ ಕಣ್ಣಲ್ಲೇ ತೆಗೆದದ್ದು. ಸರಿಯಾಗಿ ಕೂತಿತು ಅಂತ ಸಂಜೆ ಸಂದೇಶ ಬಂತು.

ಏಪ್ರಿಲ್ 17, ಗುರುವಾರ

ಮೂರು ವಾರ ಬರೆದೇ ಇಲ್ಲ. ಯುಗಾದಿ ಆಯಿತು, ಕೆಲಸಕ್ಕೆ ಸೇರಿ ನಾಲ್ಕು ದಿನ ಆಯಿತು. ಇವತ್ತಿನದನ್ನು ಬರೆದಿಡಬೇಕು ಅನ್ನಿಸಿತು, ದೊಡ್ಡ ವಿಷಯ ಅಲ್ಲ.

ಬೆಳಿಗ್ಗೆ ಹತ್ತಕ್ಕೆ ಸುಬ್ಬಿ ಅಜ್ಜಿಯ ಮನೆಯಿಂದ ಫೋನು. ಹಸು ಮುಳ್ಳುತಂತಿಗೆ ಸಿಕ್ಕಿ ತೊಡೆಯ ಚರ್ಮ ಒಂದು ಗೇಣು ಹರಿದುಕೊಂಡಿದೆ. ಡಾಕ್ಟರ್ ವಿವೇಕ್ ಶಿರಂಗಾಲದ ಕಡೆ ಶಿಬಿರದಲ್ಲಿದ್ದರು. ಫೋಟೋ ಕಳಿಸಿದೆ. ಆಳ ಇಲ್ಲ, ತೊಳೆದು ಹೊಲಿಗೆ ಹಾಕಿ ಅಂದರು.

ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಇಂಥ ಹೊಲಿಗೆ ಎಷ್ಟು ಹಾಕಿದ್ದೇನೋ. ಜೋಮಿನ ಮದ್ದು ಪೆಟ್ಟಿಗೆಯಲ್ಲಿ ಇರುತ್ತದೆ. ದೊಡ್ಡ ಗಾಯಕ್ಕೆ ಹಾಕುತ್ತೇವೆ. ಇಷ್ಟಕ್ಕೆಲ್ಲ ಹಾಕಿದವನಲ್ಲ ನಾನು. ನಾಲ್ಕು ಜನ ಹಿಡಿದುಕೊಂಡರೆ ಐದು ನಿಮಿಷದ ಕೆಲಸ, ಮುಂದಿನ ಮನೆಗೆ ಹೋಗಬಹುದು.

ಇವತ್ತು ಸೀಸೆ ತೆಗೆದು ಗಾಯದ ಸುತ್ತ ಚುಚ್ಚಿದೆ, ಸಣ್ಣ ಸೂಜಿಯಲ್ಲಿ, ನಿಧಾನವಾಗಿ. ಆಮೇಲೆ ಕಟ್ಟೆಯ ಮೇಲೆ ಕೂತೆ.

ಹಿಡಿಯಲು ಬಂದಿದ್ದ ಮೂವರು ಪಂಚೆ ಎತ್ತಿ ಕಟ್ಟಿಕೊಂಡು ನಿಂತೇ ಇದ್ದರು. ಅಜ್ಜಿ ‘ಏನ್ ಡಾಕ್ಟ್ರೇ, ಸುಸ್ತಾಯ್ತಾ? ಎದೆ ಆಪ್ರೇಸನ್ ಆದವ್ರು, ನಾಳೆ ಬರ್ಲಾ ಅಂದಿದ್ರೆ ಆಗ್ತಿತ್ತು’ ಅಂದಿತು.

‘ಸುಸ್ತಲ್ಲ ಅಜ್ಜಿ. ಮದ್ದು ಹಿಡೀಲಿ.’

‘ಮೊದ್ಲೆಲ್ಲ ಬಂದೇಟ್ಗೆ ಹೊಲೀತಿದ್ರಿ?’

‘ಹೂಂ. ಹೊಲೀತಿದ್ದೆ.’

ಒಬ್ಬ ತೋಟಕ್ಕೆ ಹೊತ್ತಾಯಿತು ಅಂತ ಹೊರಟ. ಇನ್ನಿಬ್ಬರು ಬೀಡಿ ಹಚ್ಚಿಕೊಂಡು ಬೇಲಿಯ ಆಚೆ ಹೋದರು. ಅಜ್ಜಿ ಬೆಲ್ಲದ ಕಾಫಿ ತಂದಿತು. ಕುಡಿದೆ. ಹತ್ತು ನಿಮಿಷ ಇಷ್ಟು ಉದ್ದ ಅಂತ ನನಗೂ ಗೊತ್ತಿರಲಿಲ್ಲ. ಎದ್ದು ಹೋಗಿ ಸೂಜಿಯ ಮೊನೆಯಿಂದ ಗಾಯದ ಅಂಚು ಮುಟ್ಟಿದೆ. ಚರ್ಮ ಅದುರಿತು. ಮತ್ತೆ ಬಂದು ಕೂತೆ. ಇನ್ನೈದು ನಿಮಿಷ ಬಿಟ್ಟು ಮುಟ್ಟಿದೆ. ಅದುರಲಿಲ್ಲ. ಒತ್ತಿದೆ. ಅದುರಲಿಲ್ಲ.

ಅಜ್ಜಿ ಮೂಗುದಾರದ ಹಗ್ಗವನ್ನು ಎರಡೂ ಕೈಗೆ ಸುತ್ತಿಕೊಂಡು, ಕಾಲು ಅಗಲಿಸಿ ನಿಂತು, ಹಸುವಿನ ಕತ್ತಿಗೆ ಹಣೆ ಒತ್ತಿ ಕಣ್ಣು ಮುಚ್ಚಿಕೊಂಡಿತು. ಬೇಲಿಯ ಆಚೆ ಇದ್ದವರನ್ನು ಕರೆಯೋಣ ಅಂದುಕೊಂಡೆ, ಕರೆಯಲಿಲ್ಲ. ಒಂದು ಹೊಲಿಗೆ ಹಾಕಿ ಹಸುವಿನ ಕಡೆ ನೋಡಿದೆ. ಅದು ಬಾಲದಲ್ಲಿ ನೊಣ ಹೊಡೆದುಕೊಳ್ಳುತ್ತಿತ್ತು. ಒಟ್ಟು ಹದಿಮೂರು ಹೊಲಿಗೆ. ಕಾಲು ಒಂದು ಸಲವೂ ಎತ್ತಲಿಲ್ಲ. ದಾರ ಕತ್ತರಿಸಿ, ಔಷಧಿ ಬಳಿದು, ಕೈ ತೊಳೆದು ಬಂದರೂ ಅಜ್ಜಿ ಹಾಗೇ ನಿಂತಿತ್ತು, ಕಣ್ಣು ಮುಚ್ಚಿಕೊಂಡು, ಹಗ್ಗವನ್ನು ಇದ್ದಬದ್ದ ಬಲವೆಲ್ಲ ಹಾಕಿ ಎಳೆದು ಹಿಡಿದು.

‘ಬಿಡಿ ಅಜ್ಜಿ’ ಅಂದೆ. ‘ಹೊಲಿದು ಆಯ್ತು.’